ಗಿಣಿಮೂಗು, ಟಗರುಕೊಂಬು

ನಮ್ಮ ಅಡುಗೆಮನೆಯ ಡಬ್ಬಿಗಳ ಮೇಲೆ ಹೆಸರಿಲ್ಲ. ಸಾಸಿವೆ, ಜೀರಿಗೆ, ರವೆ, ಅವಲಕ್ಕಿ, ಎಲ್ಲವೂ ಒಂದೇ ಗಾತ್ರದ ಸ್ಟೀಲ್ ಡಬ್ಬಿಗಳಲ್ಲಿ ಸಾಲಾಗಿ ಕೂತಿವೆ. ನನಗೆ ಅಲ್ಲಾಡಿಸಿದರೆ ಸಾಕು, ಒಳಗೇನಿದೆ ಎಂದು ತಿಳಿಯುತ್ತದೆ. ಬೇರೆಯವರಿಗೆ ತಿಳಿಯುವುದಿಲ್ಲ. ಒಮ್ಮೆ ರಜೆಗೆ ಬಂದ ನಾದಿನಿ ಸಕ್ಕರೆಯೆಂದು ಚಹಾಕ್ಕೆ ಉಪ್ಪು ಸುರಿದಿದ್ದಳು. ನನ್ನ ಗಂಡ ಅದನ್ನು ಕೊನೆಯ ಗುಟುಕಿನವರೆಗೂ ಕುಡಿದು, ಕಪ್ಪು ಕೆಳಗಿಟ್ಟು, "ಇನ್ನ ಮ್ಯಾಲೆ ಚಹಾ ನಾನ ಮಾಡ್ತೀನಿ" ಅಂದರು. ಮಾಡಿದರೇ? ಬಿಡಿ, ಗಂಡಸರ ಮಾತು.

ಎದುರು ಮನೆಯ ಶಾಂತಾಬಾಯಿಗೆ ಇದನ್ನು ನೋಡಿ ನೋಡಿ ಸಾಕಾಗಿ, ಮೊನ್ನೆ ಪೇಟೆಯಿಂದ ಅಂಟುಚೀಟಿಗಳ ಒಂದು ಹಾಳೆಯನ್ನೇ ಕೊಂಡು ತಂದರು. "ಅಗ, ತುಝ ಅಕ್ಷರ್ ಮೋತ್ಯಾಸಾರಖ, ಆಣಿ ಡಬ್ಬ್ಯಾಂವರ್ ಕಾಹೀಚ್ ನಾಹೀ?" ಎಂದು ಮರಾಠಿಯಲ್ಲಿ ಗದರಿದರು. ಮುತ್ತಿನಂಥ ಅಕ್ಷರ ಇಟ್ಟುಕೊಂಡು ಡಬ್ಬಿಯ ಮೇಲೆ ಏನೂ ಬರೆದಿಲ್ಲವಲ್ಲ ಎಂದು ಅವರ ಸಂಕಟ. ಬರೆಯುತ್ತೇನೆ ಎಂದು ತಲೆಯಾಡಿಸಿ, ಅವರು ಹೋದ ಮೇಲೆ ಆ ಹಾಳೆಯನ್ನು ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ತುರುಕಿದೆ. ತುರುಕುವಾಗ ಕೈಗೆ ಕಲ್ಲೊಂದು ತಗುಲಿತು. ಅಲ್ಲಿ ಅದು ಇದೆಯೆಂದು ನನಗೆ ಗೊತ್ತು. ಆದರೂ ಪ್ರತಿ ಸಲ ತಗುಲಿದಾಗ ಬೆರಳು ಬೆಚ್ಚುತ್ತದೆ.

ಕಲ್ಲು ಅಂದೆ. ಅದು ಕಲ್ಲಾಗಿ ಹೋದ ಸಿಂಪಿ. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿದ್ದ ಒಂದು ಸಿಂಪಿಯ ಅರ್ಧ ಚೂರು. ಉಳಿದರ್ಧ ಎಲ್ಲಿ ಒಡೆದು ಬಿತ್ತೋ! ಅದರ ವಂಶವೇ ಈಗ ಭೂಮಿಯ ಮೇಲಿಲ್ಲ. ನಮ್ಮ ಮನೆಯ ಜೋಳದ ಹಿಟ್ಟಿನ ಹಿಂದೆ ಅದು ಹೇಗೆ ಬಂತು ಎಂದು ಹೇಳಬೇಕಾದರೆ ಅಪ್ಪನಿಂದಲೇ ಶುರುಮಾಡಬೇಕು.

ಅಪ್ಪ ಶಹಾಬಾದಿನ ಕಡೆಯವನು, ಹೆಸರು ಶರಣಪ್ಪ. ಆ ಸೀಮೆಯಲ್ಲಿ ನೆಲ ಅಗೆದರೆ ಫರಸಿ ಕಲ್ಲು. ಅದನ್ನು ಕೊಯ್ದು, ಉಜ್ಜಿ, ಊರೂರಿಗೆ ಹೋಗಿ ನೆಲಕ್ಕೆ ಹಾಸುವುದು ಅವನ ಕೆಲಸ. ನಾಸಿಕಿನಲ್ಲಿ ಕಲ್ಲು-ನೀರು ಪರೀಕ್ಷಿಸುವ ಸರ್ಕಾರಿ ಕಚೇರಿಯೊಂದಕ್ಕೆ ಹೊಸ ಕಟ್ಟಡ ಕಟ್ಟಿದಾಗ ಗುತ್ತಿಗೆದಾರನ ಹಿಂದೆ ನೆಲ ಹಾಸಲು ಬಂದ. ಅಮ್ಮ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳಂತೆ. ಎರಡು ತಿಂಗಳ ಕೆಲಸ ಎಂದು ಬಂದವರು ಅಲ್ಲಿಯೇ ಉಳಿದೆವು.

ಉಳಿಯಲು ಕಾರಣ ಅಪ್ಪನ ಹೆಬ್ಬೆರಳು. ಫರಸಿಯವರು ಕಲ್ಲನ್ನು ಕಣ್ಣಿನಿಂದ ನೋಡುವುದು ಕಡಿಮೆ. ಗೆಣ್ಣಿನಿಂದ ಬಡಿದು ಸದ್ದು ಕೇಳುತ್ತಾರೆ, ಅಂಚಿನ ಮೇಲೆ ಹೆಬ್ಬೆರಳು ಎಳೆಯುತ್ತಾರೆ. ಅಷ್ಟರಲ್ಲಿ ಕಲ್ಲಿನ ಜಾತಕ ಅವರಿಗೆ ಗೊತ್ತಾಗಿರುತ್ತದೆ. ಒಂದು ದಿನ ಅಪ್ಪ ನೋಡಲು ಚೆಂದವಾಗಿದ್ದ ಹಾಸುಗಲ್ಲೊಂದನ್ನು ಬಡಿದು ಬದಿಗೆ ಸರಿಸಿದನಂತೆ. ಆ ಕಚೇರಿಯ ಇನಾಮದಾರ ಸಾಹೇಬರು ಯಾಕೆಂದು ಕೇಳಿದರು. ಅವರು ಧಾರವಾಡದಿಂದ ವರ್ಗವಾಗಿ ಬಂದಿದ್ದ ಭೂವಿಜ್ಞಾನಿ. ಒಳಗೆ ಸೀಳಿದೆ ಎಂದ ಅಪ್ಪ. ಒಡೆಸಿ ನೋಡಿದರು. ಸೀಳಿತ್ತು. ಸಾಹೇಬರು ಅವನನ್ನು ಮೊದಲು ದಿನಗೂಲಿಗೆ, ಆಮೇಲೆ ಕಾಯಂ ಆಳು, ಅಂದರೆ ಖಲಾಸಿಯಾಗಿ ಅಲ್ಲಿಯೇ ಇಟ್ಟುಕೊಂಡರು.

ಕೆಲಸ ಸಿಕ್ಕಿದ್ದು ಕಲ್ಲು ಪುಡಿಮಾಡುವ ಕೋಣೆಯಲ್ಲಿ. ಕಚೇರಿಯ ಹಿಂದೆ ತಗಡು ಹೊದಿಸಿದ ಆ ಕೋಣೆಯಲ್ಲಿ, ಪರೀಕ್ಷೆಗೆ ಬಂದ ಕಲ್ಲುಗಳನ್ನು ಯಂತ್ರಕ್ಕೆ ಹಾಕಿ ಹಿಟ್ಟು ಮಾಡುವುದು. ಸಂಜೆ ಮನೆಗೆ ಬರುವಾಗ ಅಪ್ಪನ ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಬೂದಿಬಣ್ಣ. ಅಮ್ಮ ಹೊಸ್ತಿಲ ಹೊರಗೇ ನಿಲ್ಲಿಸಿ ಅಂಗಿ ಝಾಡಿಸಿಕೊಳ್ಳಲು ಹೇಳುತ್ತಿದ್ದಳು. ಅವನು ಝಾಡಿಸಿ, ಕೆಮ್ಮಿ, ಒಳಗೆ ಬರುತ್ತಿದ್ದ. ನನ್ನ ಗೆಳತಿಯರ ಅಪ್ಪಂದಿರು ಬ್ಯಾಂಕಿನಿಂದ, ಪೋಸ್ಟಾಫೀಸಿನಿಂದ ಇಸ್ತ್ರಿ ಮುದುಡದ ಅಂಗಿಯಲ್ಲಿ ಬರುತ್ತಿದ್ದರು. ಅಪ್ಪ ಗಲ್ಲಿಯ ತುದಿಯಲ್ಲಿ ಕಂಡರೆ ನಾನು ಆಟ ಬಿಟ್ಟು ಒಳಗೆ ಓಡುತ್ತಿದ್ದೆ. ಓಡುತ್ತಿದ್ದದ್ದು ನಾಚಿಕೆಗೆ. ಅಪ್ಪನನ್ನು ಕಂಡರೆ ಮಗಳಿಗೆ ಎಷ್ಟು ಭಯಭಕ್ತಿ ಎಂದು ನೆರೆಯವರು ಹೊಗಳುತ್ತಿದ್ದರು.

ಆ ಕಚೇರಿಯಲ್ಲಿ ಇನ್ನೊಂದು ಕೋಣೆಯಿತ್ತು. ಅದಕ್ಕೆ ಮಾದರಿ ಕೋಣೆ ಎಂದು ಹೆಸರು. ಗಾಜಿನ ಬಾಗಿಲಿನ ಕಪಾಟುಗಳು, ಹತ್ತಿಯ ಮೇಲೆ ಮಲಗಿಸಿದ ಕಲ್ಲುಗಳು, ಪ್ರತಿಯೊಂದರ ಮುಂದೆ ಹೆಸರಿನ ಚೀಟಿ, ಮೇಲೆ ಫ್ಯಾನು. ಧೂಳೆಂಬುದೇ ಇಲ್ಲ. ಒಮ್ಮೆ ಅಪ್ಪನಿಗೆ ಊಟದ ಡಬ್ಬಿ ಕೊಡಲು ಹೋದಾಗ ಬಾಗಿಲ ಸಂದಿಯಿಂದ ನೋಡಿದ್ದೆ. ಅಪ್ಪನೂ ನನ್ನ ಹಿಂದೆ ನಿಂತು ನೋಡುತ್ತಿದ್ದ. "ಇಲ್ಲಿ ಕೆಲಸ ಮಾಡೋರಿಗೆ ಕೆಮ್ಮ ಬರಂಗಿಲ್ಲ ನೋಡು ಮಾದೇವಿ" ಎಂದಿದ್ದ.

ವರ್ಷಕ್ಕೊಮ್ಮೆ ಸಾಹೇಬರ ಜೀಪು ಆಗ್ರಾ ರಸ್ತೆ ಹಿಡಿದು ಧುಳೆ ದಾಟಿ ನರ್ಮದೆಯ ಕಡೆ ಹೋಗುತ್ತಿತ್ತು. ಕಲ್ಲು ಒಡೆಯಲು, ಹೊರಲು ಅಪ್ಪ. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಹಾಗೆ ಹೋದವನು ಹದಿನೈದು ದಿನಕ್ಕೆ ಮರಳಿ ಬಂದ. ಜೀಪು ನಮ್ಮ ಗಲ್ಲಿಯ ಮುಂದೆ ನಿಂತಾಗ ಹಿಂದುಗಡೆ ದ್ರಾಕ್ಷಿ ಪೆಟ್ಟಿಗೆಗಳ ಸಾಲು ಕಂಡಿತು. ಬರುವಾಗ ಪಿಂಪಳಗಾಂವ್ ಬಸವಂತ್ ಸಿಗುತ್ತದಲ್ಲ, ಅಲ್ಲಿಯ ದ್ರಾಕ್ಷಿ ಮಾರ್ಕೆಟ್ಟಿನಿಂದ ತಂದಿದ್ದಾರೆಂದು ಗಲ್ಲಿಯ ಮಕ್ಕಳನ್ನೆಲ್ಲ ಕೂಗಿ ಕರೆದೆ. ಅಪ್ಪ ಒಂದು ಪೆಟ್ಟಿಗೆ ಇಳಿಸಿ ಮುಚ್ಚಳ ತೆಗೆದ. ಮರಾಠಿ ಪೇಪರಿನಲ್ಲಿ ಸುತ್ತಿಟ್ಟ ಕಲ್ಲುಗಳು! ಖಾಲಿ ಪೆಟ್ಟಿಗೆಗಳನ್ನು ಹೋಗುವಾಗಲೇ ಬೇಡಿ ಒಯ್ದಿದ್ದರಂತೆ. ಮುಂದಿನ ಒಂದು ತಿಂಗಳು ನನಗೆ ಗಲ್ಲಿಯಲ್ಲಿ ತಲೆಯೆತ್ತಿ ತಿರುಗಲು ಆಗಲಿಲ್ಲ.

ಆ ಪೆಟ್ಟಿಗೆಯಿಂದ ಕಪಾಟಿಗೆ ಬಾರದ ಒಡಕು ಚೂರೊಂದನ್ನು ಸಾಹೇಬರನ್ನು ಕೇಳಿ ಅಪ್ಪ ಮನೆಗಿಟ್ಟುಕೊಂಡ. ಅದೇ ಈ ಹಿಟ್ಟಿನ ಡಬ್ಬಿಯ ಹಿಂದಿರುವ ಕಲ್ಲು. ಆ ಭಾನುವಾರ ಅಪ್ಪ ಇನ್ನೊಂದು ಇಡಿಯ ಸಿಂಪಿಯನ್ನೂ ಕರವಸ್ತ್ರದಲ್ಲಿ ಸುತ್ತಿ ತಂದಿದ್ದ. ಅದು ಬೇರೆ ಯಾವುದೋ ಸೀಮೆಯಿಂದ ಎಷ್ಟೋ ವರ್ಷದ ಹಿಂದೆ ಬಂದು ಕಪಾಟಿನಲ್ಲಿದ್ದದ್ದು, ಸೋಮವಾರ ವಾಪಸು ಕೊಡಬೇಕಾದದ್ದು.

"ಕಣ್ಣ ಮುಚ್ಚು. ಹೆಬ್ಬೆರಳ ತಾ ಇಲ್ಲಿ" ಎಂದ. ಹಳೆಯ ಸಿಂಪಿಯ ಮೇಲೆ ನನ್ನ ಬೆರಳಿಟ್ಟ. "ಇದು ಕೆಳಗಿನ ಚಿಪ್ಪು. ಬಟ್ಟಲಿನಂಗ ಆಳ ಅದ. ಮ್ಯಾಲಿಂದು ಬರೇ ಮುಚ್ಚಳ, ಚಪ್ಪಟಿ. ಈ ಬಟ್ಟಲದ ತುದಿ ಎಲ್ಲಿ ಹೊಂಟದ ಹೇಳು."

"ಮ್ಯಾಲೆದ್ದು, ಮುಚ್ಚಳದ ಮ್ಯಾಲೆ ಬಾಗೇದ."

"ಗಿಣಿಮೂಗು. ನೆಟ್ಟಗ ಎದ್ದು ಮುಂದ ಬಗ್ಗೇದ. ಈಗ ನಾ ತಂದದ್ದು ಹಿಡಿ. ಇದರ ಮೂಗು ಎಲ್ಲದ?"

ಹುಡುಕಿದೆ. ತುದಿ ಮೇಲಕ್ಕೆ ಏಳಲೇ ಇಲ್ಲ. ಒಂದು ಬದಿಗೆ ಹೊರಳಿ, ಅಲ್ಲಿಯೇ ತನ್ನ ಸುತ್ತ ತಾನೇ ಸುತ್ತಿಕೊಂಡಿತ್ತು. "ಪಕ್ಕಕ್ಕ ತಿರುಗೇದ" ಎಂದೆ.

"ಟಗರಿನ ಕೊಂಬು!" ಎಂದು ಅಪ್ಪ ತೊಡೆ ತಟ್ಟಿಕೊಂಡ. "ಸಾಹೇಬರು ಎರಡೂ ಒಂದ ಅಂತಾರ. ಎರಡರದೂ ಬಟ್ಟಲು ಆಳ, ಎರಡರ ಮ್ಯಾಲೂ ಪದರ ಪದರ ಗೆರಿ, ಒಳಗ ಹೆಬ್ಬೆಟ್ಟು ಒತ್ತಿದಂಗ ಒಂದ ಕಲಿ. ಅಣ್ಣತಮ್ಮರಂಗ ಕಾಣ್ತಾವ ಖರೆ. ಆದ್ರ ಮೂಗ ಹಂಗ್ಯಾಂಗ ತಿರುಗ್ತದ? ನೆಟ್ಟಗ ಬೆಳಿಯೋದು ಪಕ್ಕಕ್ಕ ಬೆಳೀತದೇನು?"

ಒಳಗಿನ ಆ ಹೆಬ್ಬೆಟ್ಟಿನ ಗುರುತು ಸಿಂಪಿ ಬಾಯಿ ಮುಚ್ಚಲು ಬಳಸುತ್ತಿದ್ದ ಸ್ನಾಯುವಿನದು, ಪದರದ ಗೆರೆಗಳು ಅದು ಬೆಳೆದ ಗುರುತು ಎಂದೆಲ್ಲ ಮುಂದೆ ಓದಿ ತಿಳಿದೆ. ಎಳೆಯದಿದ್ದಾಗ ಅದು ಕಲ್ಲಿಗೋ ಚಿಪ್ಪಿನ ಚೂರಿಗೋ ಕೆಳಗಿನ ಚಿಪ್ಪನ್ನು ಅಂಟಿಸಿಕೊಂಡು ಕೂರುತ್ತಿತ್ತಂತೆ. ಆ ಅಂಟಿದ ಜಾಗ ಮೂಗಿನ ತುದಿಯಲ್ಲಿ ಸಣ್ಣ ಚಪ್ಪಟೆ ಕಲೆಯಾಗಿ ಉಳಿಯುತ್ತದೆ. ಅಪ್ಪನ ಬೆರಳಿಗೆ ಅದೂ ಸಿಕ್ಕಿತ್ತು. "ತಾಯಿ ಬಿಟ್ಟ ಕೂಸು ಏನರ ಹಿಡಕೋಬೇಕಲ್ಲವ್ವ" ಎಂದಿದ್ದ.

ಸೋಮವಾರ ಅಪ್ಪ ಧೈರ್ಯಮಾಡಿ ಸಾಹೇಬರಿಗೆ ಹೇಳಿದ. ಅವರು ಮೊದಲು ನಕ್ಕರಂತೆ. ಆಮೇಲೆ ಭೂತಗನ್ನಡಿ ತೆಗೆದರು. ಆಮೇಲೆ ದಪ್ಪ ಪುಸ್ತಕ ತೆಗೆದರು. ಕಡೆಗೆ ಜವಾನನನ್ನು ಕರೆದು, "ಶರಣಪ್ಪಗ ಒಂದು ಕುರ್ಚಿ ತಾರೋ" ಎಂದರಂತೆ. ಸಾಹೇಬರ ಎದುರು ಕುರ್ಚಿಯ ಮೇಲೆ ಕೂತದ್ದನ್ನು ಅಪ್ಪ ಅಮ್ಮನಿಗೆ ಮೂರು ಸಲ ಹೇಳಿದ. ಮೂರನೆಯ ಸಲ ಕುರ್ಚಿಗೆ ಕೈಗಳೂ ಬಂದಿದ್ದವು.

ಗಿಣಿಮೂಗಿನದರ ಹೆಸರು ಗ್ರಿಫಿಯಾ, ಟಗರುಕೊಂಬಿನದು ಎಕ್ಸೋಗೈರಾ. ಇಬ್ಬರದೂ ಒಂದೇ ಮನೆತನ, ಕುಲ ಬೇರೆ. ಗ್ರಿಫಿಯಾ ಹೆಚ್ಚಾಗಿ ಹಿಂದಿನ ಯುಗದ್ದು, ಎಕ್ಸೋಗೈರಾ ಅದರ ಮುಂದಿನ ಯುಗದ್ದು. ಹೆಸರು ತಪ್ಪಿದರೆ ಅದು ಸಿಕ್ಕ ಬಂಡೆಯ ವಯಸ್ಸೇ ಕೋಟಿಗಟ್ಟಲೆ ವರ್ಷ ತಪ್ಪಿಹೋಗುತ್ತದೆ ಎಂದು ಸಾಹೇಬರು ಅಪ್ಪನಿಗೆ ತಿಳಿಸಿ ಹೇಳಿದರು. ಮುಂದಿನ ವಾರ ಔರಂಗಾಬಾದಿನಲ್ಲಿ ಪಳೆಯುಳಿಕೆಗಳ ಪ್ರದರ್ಶನವಿತ್ತು. ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರಿಗೆ ಆಗ ಔರಂಗಾಬಾದ್ ಎಂದೇ ಹೆಸರು. ಅಲ್ಲಿ ಕಪಾಟಿನ ಗಿಣಿಮೂಗು, ನರ್ಮದೆಯಿಂದ ತಂದ ಇಡಿಯ ಟಗರುಕೊಂಬು, ಎರಡನ್ನೂ ಅಕ್ಕಪಕ್ಕ ಇಡೋಣ, ದೊಡ್ಡ ಪ್ರೊಫೆಸರರು ಬರುತ್ತಾರೆ, ಗುರುತು ಹಿಡಿದವನು ಇವನೇ ಎಂದು ತೋರಿಸುತ್ತೇನೆ ಎಂದರು. "ಬಂದ ಮ್ಯಾಲೆ ನಿನ್ನ ಮಾದರಿ ಕೋಣಿಗೆ ಹಾಕಸ್ತೀನಿ ಶರಣಪ್ಪಾ. ಕಲ್ಲು ಪುಡಿ ಮಾಡೂದು ಸಾಕಿನ್ನ" ಎಂದೂ ಹೇಳಿದರು. ಅಮ್ಮ ಅಂದು ಹೋಳಿಗೆ ಮಾಡಿದಳು. ಹಬ್ಬವಿರಲಿಲ್ಲ, ಹುಣ್ಣಿಮೆಯೂ ಇರಲಿಲ್ಲ.

ಇನ್ನು ನನ್ನ ಮುತ್ತಿನಂಥ ಅಕ್ಷರದ ಸಂಗತಿ. ಶಾಲೆಯಲ್ಲಿ ಅದಕ್ಕೆ ಬಹುಮಾನ ಬಂದಿತ್ತು. ಅಪ್ಪ ಅದನ್ನು ಕಚೇರಿಯ ಗುಮಾಸ್ತರ ಮುಂದೆ ಹೇಳಿಕೊಂಡು ತಿರುಗಿದ್ದರಿಂದ ಪ್ರದರ್ಶನದ ಚೀಟಿಗಳನ್ನು ಬರೆಸಿ ಅಂಟಿಸುವ ಕೆಲಸ ಅವನಿಗೇ ಬಿತ್ತು. ಎಲ್ಲಿ, ಯಾರ ಕಡೆ ಬರೆಸುತ್ತಾನೆಂದು ಟೂರಿನ ಗಡಿಬಿಡಿಯಲ್ಲಿದ್ದ ಸಾಹೇಬರು ಕೇಳಲಿಲ್ಲ. ಮುಂದಿನ ಭಾನುವಾರ ಮಧ್ಯಾಹ್ನ ಟೈಪ್ ಮಾಡಿದ ಪಟ್ಟಿ, ಬಿಳಿಯ ಚೀಟಿಗಳು, ಎರಡು ಪೆಟ್ಟಿಗೆ ಮಾದರಿಗಳನ್ನು ಸೈಕಲ್ಲಿಗೆ ಹೇರಿ ತಂದ. ಪಟ್ಟಿ ಅಪ್ಪ ಗುರುತು ಹಿಡಿಯುವ ಮೊದಲಿನದು. ಅದರಲ್ಲಿ ಎರಡೂ ಸಿಂಪಿಗಳ ಮುಂದೆ ಗ್ರಿಫಿಯಾ ಎಂದೇ ಇತ್ತು.

"ಎರಡನೇದಕ್ಕ ಹಂಗ ಬರೀಬ್ಯಾಡ. ಎಕ್ಸೋಗೈರಾ ಅಂತ ಬರಿ. ಸಾಹೇಬರು ಬಾಯಿಲೆ ಹೇಳ್ಯಾರ, ಟೂರಿಗೆ ಹೊಂಟಿದ್ರು" ಎಂದ ಅಪ್ಪ. ಸೈಕಲ್ ತುಳಿಯುತ್ತ ದಾರಿಯುದ್ದಕ್ಕೂ ಆ ಹೆಸರನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ. ಒಂದಕ್ಷರವೂ ತಪ್ಪಿರಲಿಲ್ಲ.

ನಾನು ಹೂಂ ಅಂದೆ. ಪಟ್ಟಿ ನೋಡಿದೆ. ಟೈಪ್ ಮಾಡಿದ ಇಂಗ್ಲಿಷು, ಕೆಳಗೆ ಠಸ್ಸೆ. ಅಪ್ಪನನ್ನು ನೋಡಿದೆ. ಕಿವಿಯಲ್ಲಿ ಇನ್ನೂ ಧೂಳು. ಕನ್ನಡವನ್ನೇ ಕೂಡಿಸಿ ಕೂಡಿಸಿ ಓದುವವನು ಸಾಹೇಬರ ಇಂಗ್ಲಿಷನ್ನು ಹೇಗೆ ನೆನಪಿಟ್ಟುಕೊಂಡಾನು? ತಪ್ಪಾಗಿ ಬರೆದು ನಗೆಪಾಟಲಾಗುವುದು ನನ್ನ ಅಕ್ಷರ ತಾನೇ? ಹೀಗೆಲ್ಲ ಯೋಚಿಸಿದೆನೆಂದು ಈಗ ಬರೆಯಲು ಕೈ ಬರುವುದಿಲ್ಲ. ಆದರೆ ಯೋಚಿಸಿದೆ. ಎರಡೂ ಚೀಟಿಗಳ ಮೇಲೆ, ಮುದ್ದಾಗಿ, ಗ್ರಿಫಿಯಾ ಎಂದು ಬರೆದೆ.

ಅಪ್ಪ ಮೈದಾ ಅಂಟು ಕಲಸಿಕೊಂಡು ಬಂದ. ಸಿಂಪಿಗಳ ಚೀಟಿ ಬಂದಾಗ ಎರಡನ್ನೂ ಎರಡು ಕೈಯಲ್ಲಿ ಅಕ್ಕಪಕ್ಕ ಹಿಡಿದು ಬೆಳಕಿಗೆ ಒಡ್ಡಿದ. ಒಂದಿಷ್ಟು ಹೊತ್ತು ನೋಡಿದ. ನನ್ನ ಅಕ್ಷರವನ್ನು ಮೆಚ್ಚಿಕೊಳ್ಳುತ್ತಿದ್ದಾನೆಂದು ನಾನು ಉಬ್ಬಿದೆ. "ಛಂದ ಬರದಿ" ಎಂದು ಹೇಳಿ, ಹಿಂದೆ ಅಂಟು ಸವರಿ, ಒಂದೊಂದನ್ನೂ ಆಯಾ ಸಿಂಪಿ ಕೂರಿಸಿದ ಹಲಗೆಗೆ ಅಂಟಿಸಿದ.

ಔರಂಗಾಬಾದಿಗೆ ಅಪ್ಪ ನನ್ನನ್ನೂ ಕರೆದುಕೊಂಡು ಹೋದ. ಎಸ್‌ಟಿ ಬಸ್ಸಿನಲ್ಲಿ ಅಷ್ಟು ದೂರ ನಾನು ಹೋದದ್ದು ಅದೇ ಮೊದಲು. ಬುದ್ಧಿ ಬಂದ ಮೇಲೆ ಅದಕ್ಕೂ ಮೊದಲಿನ ನನ್ನ ದೇಶಸಂಚಾರವೆಲ್ಲ ಹತ್ತಿರದ ಘೋಟಿಯ ಸಂತೆಯವರೆಗೆ. ಒಳ್ಳೆಯ ಬಟ್ಟೆಯೆಂದರೆ ಶಾಲೆಯ ಯೂನಿಫಾರ್ಮು, ಅದನ್ನೇ ತೊಟ್ಟಿದ್ದೆ. ಅಪ್ಪ ಹೊಸ ಅಂಗಿ ಹೊಲಿಸಿಕೊಂಡಿದ್ದ. ಕಾಲೇಜಿನ ದೊಡ್ಡ ಹಾಲಿನಲ್ಲಿ ಮೇಜುಗಳ ಮೇಲೆ ಕಲ್ಲುಗಳ ಸಾಲು. ಅಪ್ಪ ಸಿಂಪಿಗಳ ಪಕ್ಕದಲ್ಲಿ ಕೈಕಟ್ಟಿ ನಿಂತ. ನಾನು ಮೂರು ಹೆಜ್ಜೆ ಆಚೆ ಕಿಟಕಿಯ ಹತ್ತಿರ.

ಹನ್ನೊಂದರ ಹೊತ್ತಿಗೆ ಇನಾಮದಾರ ಸಾಹೇಬರು ಟೂರಿನಿಂದ ನೇರವಾಗಿ ಬಂದರು. ಜೊತೆಗೆ ಬಿಳಿ ಕೂದಲಿನ ಪ್ರೊಫೆಸರರು. ಸಾಹೇಬರ ಮುಖ ಅರಳಿತ್ತು. "ನಮ್ಮ ಶರಣಪ್ಪ ಇವನ. ಬೆರಳಿನಿಂದ ಗುರುತು ಹಿಡಿದಾವ" ಎಂದು ಪರಿಚಯಿಸಿ, ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ಪ್ರೊಫೆಸರರು ನಮಸ್ಕಾರ ಮಾಡಿ ಬಗ್ಗಿ ನೋಡಿದರು. ಒಂದು ಚೀಟಿ ಓದಿದರು, ಇನ್ನೊಂದನ್ನು ಓದಿದರು. ಆಮೇಲೆ ಮೆಲ್ಲಗೆ ಮರಾಠಿಯಲ್ಲಿ, ಎರಡಕ್ಕೂ ಒಂದೇ ಹೆಸರಿದೆಯಲ್ಲ, ಗುರುತು ಹಿಡಿದದ್ದು ಏನನ್ನು ಎಂದು ಕೇಳಿದರು. ವ್ಯಂಗ್ಯವೇನೂ ಇರಲಿಲ್ಲ, ನಿಜವಾಗಿಯೇ ಕೇಳಿದರು.

ಸಾಹೇಬರು ಚೀಟಿ ನೋಡಿದರು. ಅವರ ಕಿವಿ ಕೆಂಪಾಯಿತು. ಪ್ರೊಫೆಸರರು ಮುಂದಿನ ಮೇಜಿಗೆ ಹೋಗುವವರೆಗೆ ಕಾದು, "ಅಲ್ಲೋ ಶರಣಪ್ಪಾ, ಏನ ಮಾಡಿಟ್ಟಿಯೋ ಇದನ್ನ? ನಾ ಸಾವಿರ ಸಲ ಹೇಳಿರಲಿಲ್ಲಾ? ಯಾರ ಕಡೆ ಬರಸಿದಿ?" ಎಂದರು.

ಅಪ್ಪ ನನ್ನ ಕಡೆ ತಿರುಗಲಿಲ್ಲ. "ಹೊರಗ ಯಾರ ಕಡೆನೋ ಬರಸಿದ್ನಿರಿ. ನನಗ ಇಂಗ್ಲಿಷ್ ಬರಂಗಿಲ್ರಿ ಸಾಹೇಬ್ರ, ನೋಡಲಿಲ್ಲ. ತಪ್ಪಾತ್ರಿ."

"ಚೀಟಿ ಓದಲಿಕ್ಕೆ ಬರದವನ್ನ ಮಾದರಿ ಕೋಣ್ಯಾಗ ಹ್ಯಾಂಗ ಇಡ್ಲೋ ನಾ?" ಎಂದು ಸಾಹೇಬರು ತಮಗೆ ತಾವೇ ಅಂದುಕೊಂಡಂತೆ ಅಂದರು. ಕೆಟ್ಟ ಮನುಷ್ಯರಲ್ಲ ಅವರು. ಅವರಿಗೂ ಅವಮಾನವಾಗಿತ್ತು. ನಾನು ಬರೆದೆ ಎಂದು ನಾನು ಆಗ ಹೇಳಬಹುದಿತ್ತು. ಮೂರು ಹೆಜ್ಜೆ ದೂರ. ಕಿಟಕಿಯ ಸರಳು ಹಿಡಿದು ಹೊರಗೆ ಬೇವಿನ ಮರವನ್ನು ನೋಡುತ್ತ ನಿಂತೆ.

ಮರಳುವಾಗ ಬಸ್ಸಿನಲ್ಲಿ ಅಪ್ಪ ನನಗೆ ಶೇಂಗಾ ಕೊಡಿಸಿದ. ಮರುದಿನ ಅದೇ ತಗಡಿನ ಕೋಣೆಗೆ ಹೋದ. ನಿವೃತ್ತಿಯಾಗುವವರೆಗೂ ಅಲ್ಲಿಗೇ ಹೋದ. ಮಾದರಿ ಕೋಣೆಗೆ ಯಾರೋ ಹತ್ತನೆಯ ತರಗತಿ ಪಾಸಾದವನು ಬಂದ. ಕುರ್ಚಿಯ ಕಥೆಯನ್ನು ಅಪ್ಪ ನಾಲ್ಕನೆಯ ಸಲ ಹೇಳಲಿಲ್ಲ.

ವರ್ಷಗಳು ಕಳೆದವು. ನನ್ನ ಮದುವೆಯಾಯಿತು. ಗಂಡನಿಗೆ ಶೇಂದ್ರಾದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ, ವಿಧಿಯ ಚೇಷ್ಟೆ ನೋಡಿ, ಔರಂಗಾಬಾದಿನಲ್ಲಿಯೇ ಮನೆ ಮಾಡಿದೆವು. ಅಮ್ಮ ಹೋದ ಮೇಲೆ ಅಪ್ಪನನ್ನು ಕರೆದುಕೊಂಡು ಬಂದೆ. ಒಂದು ಟ್ರಂಕಿನಲ್ಲಿ ಎರಡು ಧೋತರ, ಉಳಿ, ಸುತ್ತಿಗೆ, ಈ ಒಡಕು ಸಿಂಪಿ. ಕೆಮ್ಮು ಆಗ ಎದೆಯೊಳಗೇ ಮನೆ ಮಾಡಿತ್ತು. ಕಲ್ಲಿನ ಧೂಳು ಎಂದರು ಡಾಕ್ಟರು. ಫರಸಿ ಕೊಯ್ಯುವಾಗಿನದೋ, ಆ ಕೋಣೆಯದೋ ಎಂದು ಕೇಳಬೇಕೆನಿಸಿತು. ಉತ್ತರಕ್ಕೆ ಹೆದರಿ ಕೇಳಲಿಲ್ಲ.

ಒಂದು ಬೆಳಿಗ್ಗೆ ಅಪ್ಪ ಅಂಗಳದ ಬಿಸಿಲಿನಲ್ಲಿ ಕೂತು ಸಿಂಪಿಯನ್ನು ಹೆಬ್ಬೆರಳಿನಿಂದ ಸವರುತ್ತಿದ್ದ. ನಾನು ಅಕ್ಕಿ ಆರಿಸುತ್ತಿದ್ದೆ. ಅವನ ಬೆರಳು ಆ ಕೊಂಬಿನ ಸುತ್ತು ಹಿಡಿದು ಒಳಗೆ ಒಳಗೆ ಹೋಗಿ ತುದಿಯ ಕಲೆಯ ಮೇಲೆ ನಿಂತಿತು. ನನಗೆ ತಡೆಯಲಾಗಲಿಲ್ಲ. ಮೊರ ಕೆಳಗಿಟ್ಟೆ.

"ಅಪ್ಪಾ, ಆವತ್ತು ಆ ಚೀಟಿ ನಾ ಬೇಕಂತ ಹಂಗ ಬರದೆ. ನೀ ಹೇಳಿದ ಹೆಸರು ಕೇಳಿಸಿತ್ತು. ನಿನ್ನ ಮಾತು ನಂಬಲಿಲ್ಲ ನಾ" ಎಂದೆ. ಹೇಳುತ್ತಿದ್ದಂತೆ ಅಳು ಒತ್ತರಿಸಿ ಬಂತು. ಮಕ್ಕಳ ತಾಯಿ, ಒಂಬತ್ತನೆಯ ತರಗತಿಯ ಹುಡುಗಿಯ ಹಾಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಅಪ್ಪ ಕೆಮ್ಮಿ ಮುಗಿಸಿ ಉಸಿರು ತೆಗೆದುಕೊಂಡ. "ಗೊತ್ತಿತ್ತವ್ವ" ಎಂದ.

"ಏನು ಗೊತ್ತಿತ್ತು?"

"ಓದಲಿಕ್ಕೆ ಬರದಿದ್ರೇನಾತು, ಎರಡೂ ಚೀಟಿ ಬಾಜೂಬಾಜೂ ಹಿಡದು ನೋಡಿದ್ನಲ್ಲ. ಎರಡೂ ಒಂದ ಥರ ಇದ್ದವು. ಕಲ್ಲು ಬ್ಯಾರೆ ಬ್ಯಾರೆ, ಚೀಟಿ ಒಂದ. ಇಡೀ ಜನ್ಮ ಇದನ್ನ ಮಾಡೀನಿ, ಅಷ್ಟೂ ತಿಳಿಯಂಗಿಲ್ಲೇನು?"

"ತಿಳಿದಿತ್ತು ಅಂದ್ರ ಯಾಕ ಅಂಟಿಸಿದಿ ಅಪ್ಪಾ? ನನ್ನ ಬೈದು ತಿರಗಿ ಬರಸಬೇಕಿಲ್ಲ?"

ಅಪ್ಪ ಸಿಂಪಿಯನ್ನು ನನ್ನ ಅಂಗೈಯೊಳಗಿಟ್ಟು ಬೆರಳುಗಳನ್ನು ಮುಚ್ಚಿದ.

"ನೀ ಸಾಲಿ ಕಲ್ತಾಕಿ, ಪಟ್ಟಿ ಓದಿ ಬರದಾಕಿ. ನನ್ನ ಬೆರಳ ತಪ್ಪಿರಬೇಕು ಅನ್ಕೊಂಡೆ."